ಪವಾಯಿಯ ಆಕಾಶ್‌ನಿಂದ ಮಲಾಡಿನ ಲ್ಯಾಪ್‌ಟಾಪ್‌ವರೆಗೆ: ಲಿನಕ್ಸ್ ಒಳಗೆ ಆಂಡ್ರಾಯ್ಡ್ ಬಂದ ಕಥೆ

ಇದು ನಮ್ಮ ವಿಡಿಯೋ ಮಾತಿನ ಬರಹರೂಪ. ಮಾತಾಡುವಾಗ ಬೇಗ ಬೇಗ ದಾಟಿಸಿದ ಇಸವಿಗಳನ್ನೂ ಹೆಸರುಗಳನ್ನೂ ಇಲ್ಲಿ ಸ್ವಲ್ಪ ನಿಧಾನವಾಗಿ ಇಟ್ಟಿದ್ದೇವೆ. ಓದೋಕೆ ಅನುಕೂಲ ಆಗಲಿ ಅಂತ.

ಮಲಾಡ್ ಪಶ್ಚಿಮದಲ್ಲಿ, ಮೈಂಡ್‌ಸ್ಪೇಸ್ ಮತ್ತು ಲಿಂಕ್ ರೋಡ್ ಸುತ್ತಮುತ್ತ, ಐಟಿ ಕೆಲಸಕ್ಕೆ ಬಂದ ಕನ್ನಡದವರು ಸಾಕಷ್ಟು ಮಂದಿ ಇದ್ದಾರೆ. ಊರು ಉಡುಪಿ ಇರಬಹುದು, ವಿಜಯಪುರ ಇರಬಹುದು, ಕಾಸರಗೋಡೂ ಇರಬಹುದು. ಊರಿನ ಜೊತೆಗಿನ ವ್ಯವಹಾರ ಮಾತ್ರ ಎಲ್ಲರದ್ದೂ ಒಂದೇ ಜಾಗದಲ್ಲಿ, ಫೋನಿನಲ್ಲಿ. ಅಪ್ಪನ ಜಮೀನಿನ ಸರ್ವೆ ನಂಬರ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನೋಡಬೇಕಾ? ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್ ತೆಗೀರಿ. ಬೆಳೆ ಸಮೀಕ್ಷೆನಾ? ಅದಕ್ಕೊಂದು ಆ್ಯಪ್. ಮೇಜಿನ ಮೇಲೆ 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಪಕ್ಕದಲ್ಲಿ ದೊಡ್ಡ ಮಾನಿಟರ್. ಆದರೆ ನಾವು ಅಂಗೈಯಗಲದ ಪರದೆಯಲ್ಲಿ ಎರಡು ಬೆರಳಿಂದ ನಕ್ಷೆ ಹಿಗ್ಗಿಸುತ್ತಾ ಕೂತಿರುತ್ತೇವೆ.

ಆಗ ಸಹಜವಾಗಿ ಬರುವ ಪ್ರಶ್ನೆ: ಆಂಡ್ರಾಯ್ಡ್ ಕೂಡ ಒಳಗೆ ಲಿನಕ್ಸೇ ತಾನೇ? ಹಾಗಿದ್ರೆ ಲಿನಕ್ಸ್ ಇರುವ ನನ್ನ ಡೆಸ್ಕ್‌ಟಾಪ್‌ನಲ್ಲಿ ಈ ಆ್ಯಪ್ ಯಾಕೆ ಓಡಲ್ಲ?

ಓಡುತ್ತೆ. ಕಂಟೇನರ್ ಅನ್ನೋ ವಿಧಾನದಿಂದ ಈಗ ಚೆನ್ನಾಗಿಯೇ ಓಡುತ್ತೆ. ಆದರೆ ಅಲ್ಲಿಗೆ ಬರೋಕೆ 40 ವರ್ಷ ಹಿಡೀತು. ಓಡಿದ ಮೇಲೂ ಕೆಲವು ಬಾಗಿಲು ತೆರೆಯಲ್ಲ, ಅದಕ್ಕೆ ಕಾರಣ ತಂತ್ರಜ್ಞಾನ ಅಲ್ಲ. ಇವತ್ತಿನ ಮಾತು ಈ ಎರಡು ವಿಷಯದ ಬಗ್ಗೆ. ಈ ಕಥೆಯ ಒಂದು ಮುಖ್ಯ ಅಧ್ಯಾಯ ಮಲಾಡಿನಿಂದ ಸ್ವಲ್ಪ ದೂರದಲ್ಲೇ, ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡ್ ಹಿಡಿದರೆ ಸಿಗುವ ಪವಾಯಿಯಲ್ಲಿ ನಡೆದಿದೆ.

ಚಾಳು, ಖೋಲಿ ಮತ್ತು ಸ್ವಂತ ಮನೆ

ಮುಂಬೈಯಲ್ಲಿ ಇರುವವರಿಗೆ ಕಂಟೇನರ್ ಅಂದ್ರೆ ಏನು ಅಂತ ಹೇಳೋದು ಸುಲಭ.

ಒಂದು ಕಂಪ್ಯೂಟರ್ ಒಳಗೆ ಇನ್ನೊಂದು ವ್ಯವಸ್ಥೆಯನ್ನು ಓಡಿಸೋಕೆ ಮೂರು ದಾರಿ ಇವೆ. ಮೊದಲನೆಯದು ಎಮ್ಯುಲೇಟರ್. ಫೋನಿನ ಚಿಪ್ ಹೇಗೆ ನಡೆದುಕೊಳ್ಳುತ್ತೋ ಹಾಗೇ ಸಾಫ್ಟ್‌ವೇರ್ ನಟಿಸುತ್ತೆ. ಒಂದೊಂದು ಆಜ್ಞೆಯನ್ನೂ ಅನುವಾದಿಸಬೇಕು, ಹಾಗಾಗಿ ನಿಧಾನ. ಎರಡನೆಯದು ವರ್ಚುವಲ್ ಮಷೀನ್. ಇದು ಅದೇ ಸೈಟಿನಲ್ಲಿ ಇನ್ನೊಂದು ಸ್ವಂತ ಮನೆ ಕಟ್ಟಿದ ಹಾಗೆ. ಅದರ ತಳಪಾಯ ಬೇರೆ, ನೀರಿನ ಟ್ಯಾಂಕ್ ಬೇರೆ, ಅಂದ್ರೆ ಕರ್ನಲ್ ಬೇರೆ. ಭದ್ರ, ಆದರೆ ಜಾಗ ಮತ್ತು ಮೆಮೊರಿ ಜಾಸ್ತಿ ಬೇಕು.

ಮೂರನೆಯದು ಕಂಟೇನರ್. ಇದು ಚಾಳಿನ ಖೋಲಿ. ಬಾಗಿಲು ನಿಮ್ಮದು, ಬೀಗ ನಿಮ್ಮದು, ಒಲೆ ನಿಮ್ಮದು. ಒಳಗಿದ್ದವರಿಗೆ ಪಕ್ಕದ ಖೋಲಿ ಕಾಣಲ್ಲ. ಆದರೆ ತಳಪಾಯ, ನೀರಿನ ಟ್ಯಾಂಕ್, ಮೆಟ್ಟಿಲು ಎಲ್ಲರಿಗೂ ಒಂದೇ. ಕಂಪ್ಯೂಟರಿನಲ್ಲಿ ಆ ಸಾಮಾನ್ಯ ಭಾಗವೇ ಕರ್ನಲ್. ಹೊಸ ಕರ್ನಲ್ ಶುರು ಮಾಡಬೇಕಿಲ್ಲ, ಆಜ್ಞೆಗಳನ್ನು ಅನುವಾದಿಸಬೇಕಿಲ್ಲ. ಹಾಗಾಗಿ ಹಗುರ, ವೇಗ.

ಇದರಲ್ಲಿ ಎರಡು ಷರತ್ತು ಇವೆ. ಟ್ಯಾಂಕಿನ ನೀರು ಕೆಟ್ಟರೆ ಎಲ್ಲಾ ಖೋಲಿಗೂ ತೊಂದರೆ, ಅಂದ್ರೆ ಕರ್ನಲ್‌ನಲ್ಲಿ ದೋಷ ಇದ್ದರೆ ಗೋಡೆ ಕಾಪಾಡಲ್ಲ. ಇನ್ನೊಂದು, ಬಾಡಿಗೆಗೆ ಬರುವವರು ಆ ಕಟ್ಟಡದ ನಲ್ಲಿ, ವೈರಿಂಗ್‌ಗೆ ಹೊಂದಿಕೊಳ್ಳಬೇಕು. ವಿಂಡೋಸ್‌ಗೆ ಬೇರೆ ಕರ್ನಲ್ ಬೇಕು, ಹಾಗಾಗಿ ಲಿನಕ್ಸ್ ಕಂಟೇನರ್ ಒಳಗೆ ಅದು ಇರಲಾರದು. ಆಂಡ್ರಾಯ್ಡ್ ಇರಬಲ್ಲದು, ಯಾಕಂದ್ರೆ ಅದರ ಕರ್ನಲ್ ಲಿನಕ್ಸ್. ನಮ್ಮ ಇಡೀ ಕಥೆ ನಿಂತಿರೋದು ಈ ಒಂದು ಸಂಗತಿಯ ಮೇಲೆ.

ಗೋಡೆಗಳು ಒಂದೊಂದಾಗಿ ಎದ್ದವು

ಈ ಖೋಲಿಗಳನ್ನು ಯಾರೂ ಒಂದೇ ದಿನದಲ್ಲಿ ಕಟ್ಟಲಿಲ್ಲ. 1979ರಲ್ಲಿ, ಯುನಿಕ್ಸ್‌ನ ಏಳನೇ ಆವೃತ್ತಿಯ ಕಾಲದಲ್ಲಿ, ಸಿಎಚ್‌ರೂಟ್ ಅನ್ನುವ ಕರೆ ಬಂತು. ಅದು ಮಾಡೋದು ಇಷ್ಟೇ: ಒಂದು ಪ್ರೋಗ್ರಾಮಿಗೆ ಯಾವುದೋ ಒಂದು ಫೋಲ್ಡರನ್ನು ತೋರಿಸಿ, ಇದೇ ನಿನ್ನ ಇಡೀ ಪ್ರಪಂಚ ಅಂತ ಹೇಳುತ್ತೆ. ಫೈಲುಗಳ ಮಟ್ಟಿಗೆ ಗೋಡೆ ಎದ್ದಿತು. ಉಳಿದದ್ದೆಲ್ಲ ಬಯಲೇ. ಯಾವ ಯಾವ ಪ್ರೋಗ್ರಾಮ್ ಓಡ್ತಾ ಇದೆ, ನೆಟ್‌ವರ್ಕ್‌ನಲ್ಲಿ ಏನಿದೆ, ಎಲ್ಲಾ ಕಾಣ್ತಿತ್ತು.

2000ದಲ್ಲಿ ಫ್ರೀಬಿಎಸ್‌ಡಿ 4.0 ಜೊತೆ ಪೌಲ್-ಹೆನ್ನಿಂಗ್ ಕಾಂಪ್ ಅವರ ಜೈಲ್ ಬಂತು. ಫೈಲಿನ ಜೊತೆಗೆ ಪ್ರೋಗ್ರಾಮ್‌ಗಳಿಗೂ ನೆಟ್‌ವರ್ಕಿಗೂ ಗೋಡೆ ಹಾಕಿದ್ದು ಅದು. ಲಿನಕ್ಸ್‌ನಲ್ಲಿ 2002ರಲ್ಲಿ ಮೊದಲ ನೇಮ್‌ಸ್ಪೇಸ್ ಸೇರಿತು. ನೇಮ್‌ಸ್ಪೇಸ್ ಅಂದ್ರೆ ಯಾರಿಗೆ ಏನು ಕಾಣಬೇಕು ಅನ್ನೋದರ ಗೋಡೆ. ಯಾರು ಎಷ್ಟು ಬಳಸಬೇಕು ಅನ್ನೋದಕ್ಕೆ ಇನ್ನೊಂದು ವ್ಯವಸ್ಥೆ ಬೇಕಿತ್ತು. ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಆ ಕೆಲಸ ಶುರು ಮಾಡಿದರು. ಅದು ಸಿಗ್ರೂಪ್ಸ್ ಅನ್ನುವ ಹೆಸರಲ್ಲಿ 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24 ಕರ್ನಲ್ ಸೇರಿತು. ಚಾಳಿನ ಭಾಷೆಯಲ್ಲಿ ಹೇಳೋದಾದ್ರೆ, ಪ್ರತಿ ಖೋಲಿಗೂ ನೀರಿನ ಮೀಟರ್ ಕೂರಿಸಿದ ಹಾಗೆ. ಎರಡನ್ನೂ ಸೇರಿಸಿ ಬಳಸುವ ಎಲ್‌ಎಕ್ಸ್‌ಸಿ ಅನ್ನುವ ಸಲಕರಣೆ ಅದೇ 2008ರಲ್ಲಿ ಹುಟ್ಟಿತು. 2013ರ ಮಾರ್ಚ್‌ನಲ್ಲಿ ಡಾಕರ್ ಬಂದ ಮೇಲೆ ಕಂಟೇನರ್ ಅನ್ನೋ ಪದ ನಮ್ಮ ನಿತ್ಯದ ಸ್ಟ್ಯಾಂಡಪ್ ಮೀಟಿಂಗ್‌ಗೂ ಬಂತು.

2008 ಅನ್ನೋ ಇಸವಿಯನ್ನು ಸ್ವಲ್ಪ ನೆನಪಿಡಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆಂಡ್ರಾಯ್ಡ್ 1.0 ಬಂತು. ಕಂಟೇನರ್ ಮತ್ತು ಆಂಡ್ರಾಯ್ಡ್ ಒಂದೇ ಕರ್ನಲ್ ಸುತ್ತ, ಒಂದೇ ವರ್ಷ ಬೆಳಕಿಗೆ ಬಂದವು. ಎರಡೂ ಒಂದಾಗಿ ನಮ್ಮ ಡೆಸ್ಕ್‌ಟಾಪ್‌ಗೆ ಬರೋಕೆ ಇನ್ನೂ 9 ವರ್ಷ ಬೇಕಾಯಿತು.

ಪವಾಯಿಯಲ್ಲಿ ನಡೆದ ತಿರುಗುಮುರುಗು

ನಡುವೆ ಮುಂಬೈಯಲ್ಲಿ ಒಂದು ಪ್ರಯೋಗ ನಡೆಯಿತು. ಅದು ಇದೇ ಕೆಲಸವನ್ನು ಉಲ್ಟಾ ಮಾಡಿದ್ದು.

ಆಕಾಶ್ ಟ್ಯಾಬ್ಲೆಟ್ ನಿಮಗೆ ನೆನಪಿರಬಹುದು. 2011ರ ಅಕ್ಟೋಬರ್ 5ರಂದು ಕಪಿಲ್ ಸಿಬಲ್ ಬಿಡುಗಡೆ ಮಾಡಿದ ಮೊದಲ ಆಕಾಶ್‌ನಲ್ಲಿ 366 ಮೆಗಾಹರ್ಟ್ಜ್ ಪ್ರೊಸೆಸರ್, 256 ಎಂಬಿ ರ‍್ಯಾಮ್. ಪರದೆಯನ್ನು ಒತ್ತಿ ಒತ್ತಿ ಬಳಸಬೇಕಿತ್ತು. ಆಮೇಲೆ ಯೋಜನೆಯ ಹೊಣೆ ಐಐಟಿ ಬಾಂಬೆಗೆ ಬಂತು, ಅಂದ್ರೆ ಪವಾಯಿಗೆ. 2012ರ ನವೆಂಬರ್ 11ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಆಕಾಶ್ 2 ಬಿಡುಗಡೆ ಮಾಡಿದರು. 7 ಅಂಗುಲ ಪರದೆ, 1 ಗಿಗಾಹರ್ಟ್ಜ್ ಪ್ರೊಸೆಸರ್, 512 ಎಂಬಿ ರ‍್ಯಾಮ್, ಆಂಡ್ರಾಯ್ಡ್ 4.0. ಸರ್ಕಾರ ಕೊಂಡ ಬೆಲೆ 2,263 ರೂಪಾಯಿ.

ಐಐಟಿಯವರ ಮುಂದಿದ್ದ ಪ್ರಶ್ನೆ ಸರಳ, ಆದರೆ ದೊಡ್ಡದು. ಎಂಜಿನಿಯರಿಂಗ್ ಓದುವ ಹುಡುಗನ ಕೈಗೆ ಟ್ಯಾಬ್ಲೆಟ್ ಕೊಟ್ಟಾಯಿತು. ಅವನ ಹತ್ತಿರ ಬೇರೆ ಕಂಪ್ಯೂಟರ್ ಇಲ್ಲ. ಈ ಟ್ಯಾಬ್ಲೆಟ್‌ನಲ್ಲಿ ವಿಡಿಯೋ ನೋಡಬಹುದು, ಆಟ ಆಡಬಹುದು. ಸಿ ಪ್ರೋಗ್ರಾಮ್ ಬರೆದು ಓಡಿಸೋದು ಹೇಗೆ? ಆಂಡ್ರಾಯ್ಡ್‌ನಲ್ಲಿ ಜಿಸಿಸಿ ಇಲ್ಲ, ಪೈಥಾನ್ ಇಲ್ಲ, ಸೈಲ್ಯಾಬ್ ಇಲ್ಲ.

ಅವರು ಹಿಡಿದದ್ದು 1979ರ ಹಳೇ ದಾರಿ, ಸಿಎಚ್‌ರೂಟ್. ಟ್ಯಾಬ್ಲೆಟ್ ಒಳಗೆ ಒಂದು ಲಿನಕ್ಸ್ ಫೈಲ್ ವ್ಯವಸ್ಥೆಯನ್ನು ಇಟ್ಟರು. ಅದರಲ್ಲಿ ಸಿ, ಸಿ++, ಪೈಥಾನ್, ಸೈಲ್ಯಾಬ್ ಎಲ್ಲಾ ಇದ್ದವು. ಮೇಲೆ ಕಾಣೋದು ಒಂದು ಆಂಡ್ರಾಯ್ಡ್ ಆ್ಯಪ್, ಹೆಸರು ಆಕಾಶ್ ಪ್ರೋಗ್ರಾಮಿಂಗ್ ಲ್ಯಾಬ್. ವಿದ್ಯಾರ್ಥಿ ಅಲ್ಲಿ ಕೋಡ್ ಬರೆದು ಗುಂಡಿ ಒತ್ತಿದರೆ, ಒಳಗಿನ ಲಿನಕ್ಸ್ ಖೋಲಿಯಲ್ಲಿ ಅದು ಕಂಪೈಲ್ ಆಗಿ ಉತ್ತರ ಹೊರಗೆ ಬರುತ್ತಿತ್ತು. ಕರ್ನಲ್ ಒಂದೇ, ಮೇಲಿನ ಎರಡು ಪ್ರಪಂಚ ಬೇರೆ ಬೇರೆ. ಮುಂದೆ ಮೈಕ್ರೋ ಎಸ್‌ಡಿ ಕಾರ್ಡಿನಿಂದ ನೇರವಾಗಿ ಪೂರ್ತಿ ಲಿನಕ್ಸ್ ಶುರು ಮಾಡುವ ಕೆಲಸವನ್ನೂ ಅಲ್ಲಿಯ ತಂಡ ಮಾಡಿತು.

ಆ ಯೋಜನೆಯಲ್ಲಿದ್ದ ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರ ಹೆಸರು ನಮ್ಮ ವೀಕ್ಷಕರಲ್ಲಿ ಕೆಲವರಿಗೆ ಬೇರೆ ದಾರಿಯಿಂದ ಗೊತ್ತಿರುತ್ತೆ. ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಅವರದ್ದೇ. ಲಿನಕ್ಸ್, ಲಿಬ್ರೆ ಆಫೀಸ್, ಪೈಥಾನ್ ಮುಂತಾದವನ್ನು ಕನ್ನಡದ ಧ್ವನಿಯಲ್ಲಿ ಕಲಿಸುವ ಪಾಠಗಳು ಅಲ್ಲಿ ಇವೆ.

ಆಕಾಶ್‌ನ ಬಗ್ಗೆ ಆಗ ನಗೆಚಾಟಿಕೆ ಬಹಳ ನಡೆಯಿತು. ಅಗ್ಗದ ಸಾಮಾನು ಅಂದರು, ರಾಜಕೀಯ ಅಂದರು. ಆದರೆ ಪವಾಯಿಯಲ್ಲಿ ಎತ್ತಿದ ಪ್ರಶ್ನೆ ಅಗ್ಗದ್ದಲ್ಲ. ದುಡ್ಡು ಕೊಟ್ಟು ತಂದ ಯಂತ್ರದಲ್ಲಿ ಅದರ ಕರ್ನಲ್ ಓಡಿಸಬಲ್ಲ ಯಾವ ಕೆಲಸವನ್ನಾದರೂ ಮಾಡಿಸಿಕೊಳ್ಳುವ ಹಕ್ಕು ಬಳಸುವವನಿಗೆ ಇದೆಯಾ? ಅವರು ಇದೆ ಅಂದುಕೊಂಡು ಕೆಲಸ ಮಾಡಿದರು.

ಅಂದ ಹಾಗೆ, ಕನ್ನಡದ ವಿಷಯ ಒಂದು. ಆಂಡ್ರಾಯ್ಡ್ ವೇದಿಕೆಗೆ ಕನ್ನಡ, ತೆಲುಗು, ಮಲಯಾಳ ಅಧಿಕೃತವಾಗಿ ಸೇರಿದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಫೋನಿನಲ್ಲಿ ಕನ್ನಡ ಪುಟ ತೆರೆದರೆ ಚೌಕ ಚೌಕ ಡಬ್ಬಿಗಳು ಕಾಣ್ತಿದ್ದದ್ದು ಎಷ್ಟೋ ಜನರಿಗೆ ನೆನಪಿರಬೇಕು.

ಡಬ್ಬಾವಾಲಾ ಇಲ್ಲದ ಊರು

ಆಂಡ್ರಾಯ್ಡ್ ಒಳಗೆ ಲಿನಕ್ಸ್ ಕೂರಿಸೋಕೆ ಹಳೇ ಸಿಎಚ್‌ರೂಟ್ ಸಾಕಾಯಿತು. ಹಾಗಾದ್ರೆ ಲಿನಕ್ಸ್ ಒಳಗೆ ಆಂಡ್ರಾಯ್ಡ್ ಕೂರಿಸೋದು ಯಾಕೆ ಅಷ್ಟು ಕಷ್ಟ ಆಯಿತು?

ಕಾರಣದ ಹೆಸರು ಬೈಂಡರ್. ಆಂಡ್ರಾಯ್ಡ್‌ನಲ್ಲಿ ಒಂದೊಂದು ಆ್ಯಪ್ ಕೂಡ ಬೇರೆ ಬೇರೆ ಬಳಕೆದಾರ ಅನ್ನುವ ಹಾಗೆ ಓಡುತ್ತೆ. ಪರದೆಯಲ್ಲಿ ಕಿಟಕಿ ತೆರೆಯಬೇಕಾದರೂ, ನೀವು ಎಲ್ಲಿದ್ದೀರಿ ಅಂತ ತಿಳಿಯಬೇಕಾದರೂ, ಫೋನ್ ನಂಬರ್ ಪಟ್ಟಿ ನೋಡಬೇಕಾದರೂ ಆ್ಯಪ್ ಹೋಗಿ ಆಯಾ ಸೇವೆಯನ್ನು ಕೇಳಬೇಕು. ಈ ಕೇಳಿಕೆಗಳನ್ನು ಒಯ್ಯೋದು ಬೈಂಡರ್. ಡಬ್ಬಾವಾಲಾ ಇದ್ದ ಹಾಗೆ: ಡಬ್ಬಿ ಯಾವ ಮನೆಯಿಂದ ಬಂತು, ಯಾವ ಮೇಜಿಗೆ ಹೋಗಬೇಕು ಅನ್ನೋ ಗುರುತು ಡಬ್ಬಿಯ ಮೇಲೇ ಇರುತ್ತೆ. ಗುರುತು ಸುಳ್ಳಲ್ಲ ಅಂತ ಕರ್ನಲ್ಲೇ ಖಾತ್ರಿ ಕೊಡುತ್ತೆ. ಇದರ ಮೂಲ ಬಿ ಇಂಕ್ ಮತ್ತು ಪಾಮ್ ಕಂಪನಿಗಳ ಓಪನ್‌ಬೈಂಡರ್. ಅಲ್ಲಿಂದ ಆ ವಿಚಾರ ಆಂಡ್ರಾಯ್ಡ್‌ಗೆ ಬಂತು.

ಸಾಮಾನ್ಯ ಲಿನಕ್ಸ್ ಕರ್ನಲ್‌ನಲ್ಲಿ ಈ ಬೈಂಡರ್ ಇರಲಿಲ್ಲ. ಅಂದ್ರೆ ಆಂಡ್ರಾಯ್ಡ್ ಅನ್ನುವ ಬಾಡಿಗೆದಾರ ಬಂದು ನೋಡಿದರೆ ಕಟ್ಟಡ ಸರಿ ಇದೆ, ನೀರು ಸರಿ ಇದೆ, ಆದರೆ ಡಬ್ಬಾ ವ್ಯವಸ್ಥೆಯೇ ಇಲ್ಲ. ಊಟ ಬರಲ್ಲ.

ಬೈಂಡರ್ ಕರ್ನಲ್ ಸೇರಿದ ರೀತಿ ಸ್ವಲ್ಪ ಜಗಳದ್ದು. 2009ರಲ್ಲಿ ಆಂಡ್ರಾಯ್ಡ್‌ನ ಚಾಲಕಗಳನ್ನು ಕರ್ನಲ್‌ನ ಸ್ಟೇಜಿಂಗ್ ಭಾಗಕ್ಕೆ ತಂದರು. ಸ್ಟೇಜಿಂಗ್ ಅಂದ್ರೆ ಇನ್ನೂ ಪಕ್ಕಾ ಆಗದ ಕೋಡಿನ ಅಂಗಳ. ಅದನ್ನು ನೋಡಿಕೊಳ್ಳುವವರು ಯಾರೂ ಮುಂದೆ ಬರಲಿಲ್ಲ ಅಂತ 2010ರಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಅವನ್ನು ಹೊರಗೆ ಹಾಕಿದರು. 2012ರ 3.3 ಆವೃತ್ತಿಯಲ್ಲಿ ವಾಪಸ್ ಬಂದವು. 2015ರ 3.19ರಲ್ಲಿ ಬೈಂಡರ್ ಸ್ಟೇಜಿಂಗ್ ದಾಟಿ ಕಾಯಂ ಜಾಗ ಪಡೆಯಿತು. 2019ರ 5.0 ಆವೃತ್ತಿಗೆ ಕ್ರಿಶ್ಚಿಯನ್ ಬ್ರೌನರ್ ಅವರ ಬೈಂಡರ್‌ಎಫ್‌ಎಸ್ ಸೇರಿದಾಗ, ಪ್ರತಿ ಕಂಟೇನರಿಗೂ ಅದರದ್ದೇ ಆದ ಬೈಂಡರ್ ಕೊಡೋದು ಸಾಧ್ಯ ಆಯಿತು. ಖೋಲಿಗೊಬ್ಬ ಡಬ್ಬಾವಾಲಾ.

ಸುದ್ದಿವಾಹಿನಿಗಳಲ್ಲಿ ಇದು ಬರಲಿಲ್ಲ, ಬರುವಂಥದ್ದೂ ಅಲ್ಲ. ಆದರೆ ಇವತ್ತು ನಿಮ್ಮ ಉಬುಂಟು, ಫೆಡೋರಾದಲ್ಲಿ ಆಂಡ್ರಾಯ್ಡ್ ಓಡೋದಕ್ಕೆ ಈ 10 ವರ್ಷದ ಬೇಸರದ ಕೆಲಸವೇ ಆಧಾರ.

ಕಂಪನಿಗಳು ತಂದವು, ಕಂಪನಿಗಳು ಒಯ್ದವು

ಕರ್ನಲ್‌ನಲ್ಲಿ ಇದೆಲ್ಲ ನಿಧಾನಕ್ಕೆ ನಡೀತಿದ್ದಾಗ ಹೊರಗೆ ಬೇರೆ ಪ್ರಯತ್ನಗಳು ನಡೆದವು. ಗೂಗಲ್‌ನದೇ ಎಮ್ಯುಲೇಟರ್ ಇತ್ತು. ಕ್ಯೂಎಮು ಮೇಲೆ ಕಟ್ಟಿದ್ದು, ಆರಂಭದ ವರ್ಷಗಳಲ್ಲಿ ಅದು ಶುರುವಾಗೋದರೊಳಗೆ ಚಹಾ ಕುಡಿದು ಬರಬಹುದಿತ್ತು. 2009ರಲ್ಲಿ ಶುರುವಾದ ಆಂಡ್ರಾಯ್ಡ್-ಎಕ್ಸ್86 ಯೋಜನೆ ಆಂಡ್ರಾಯ್ಡನ್ನೇ ಪಿಸಿಯ ಮುಖ್ಯ ವ್ಯವಸ್ಥೆಯಾಗಿ ಓಡಿಸಿತು. 2011ರಲ್ಲಿ ರೋಸೆನ್ ಶರ್ಮಾ ಅವರ ಬ್ಲೂಸ್ಟ್ಯಾಕ್ಸ್ ವಿಂಡೋಸ್ ಮೇಲೆ ಬಂತು. ಇವತ್ತಿಗೂ ಆಟ ಆಡುವವರ ಮೆಚ್ಚಿನದು ಅದು.

2014ರಲ್ಲಿ ಗೂಗಲ್ ಕ್ರೋಮ್‌ಬುಕ್‌ಗಳಿಗೆ ಒಂದು ಆ್ಯಪ್ ರನ್‌ಟೈಮ್ ತಂದಿತು. ಮೊದಲು ಸಿಕ್ಕಿದ್ದು ನಾಲ್ಕೇ ನಾಲ್ಕು ಆ್ಯಪ್. ಅದು ಸಾಕಾಗಲ್ಲ ಅಂತ 2016ರಲ್ಲಿ ಪ್ಲೇ ಸ್ಟೋರ್ ಸಮೇತ ಇಡೀ ಆಂಡ್ರಾಯ್ಡನ್ನು ಕಂಟೇನರ್ ಒಳಗೆ ಹಾಕಿ ಕೊಟ್ಟಿತು. ಕೆಲವು ವರ್ಷದ ನಂತರ ಭದ್ರತೆ ಹೆಚ್ಚಿರಲಿ ಅಂತ ಕಂಟೇನರ್ ಬಿಟ್ಟು ವರ್ಚುವಲ್ ಮಷೀನ್‌ಗೆ ಸರಿಯಿತು. ಇದನ್ನು ಗಮನಿಸಿ. ಖೋಲಿಯ ಗೋಡೆ ಸಾಲದು, ಬೇರೆ ತಳಪಾಯ ಬೇಕು ಅಂತ ಗೂಗಲ್ಲೇ ತೀರ್ಮಾನಿಸಿತು.

ಮೈಕ್ರೋಸಾಫ್ಟ್ 2021ರ ಜೂನ್ 24ರಂದು ವಿಂಡೋಸ್ 11 ಜೊತೆ ಆಂಡ್ರಾಯ್ಡ್ ಆ್ಯಪ್‌ಗಳು ಬರುತ್ತವೆ ಅಂತ ಘೋಷಿಸಿತು. ಆ್ಯಪ್‌ಗಳು ಅಮೆಜಾನ್ ಆ್ಯಪ್‌ಸ್ಟೋರ್‌ನಿಂದ, ಒಳಗೆ ಒಂದು ವರ್ಚುವಲ್ ಮಷೀನ್. ಕೆಲಸ ಚೆನ್ನಾಗಿಯೇ ಮಾಡ್ತಿತ್ತು. 2025ರ ಮಾರ್ಚ್ 5ಕ್ಕೆ ಅದನ್ನು ನಿಲ್ಲಿಸಿದರು. ನಂಬಿದ್ದವರಿಗೆ ಒಂದು ವರ್ಷದ ನೋಟಿಸ್ ಸಿಕ್ಕಿತು, ಅಷ್ಟೇ.

ಉತ್ಪನ್ನ ಅಂತ ಬಂದದ್ದು ಕಂಪನಿಯ ಲೆಕ್ಕಾಚಾರ ಬದಲಾದರೆ ಹೋಗುತ್ತೆ. ಎಲ್ಲರಿಗೂ ಸೇರಿದ ಕರ್ನಲ್ ಒಳಗೆ ಹೋಗಿ ಕೂತದ್ದು ಉಳಿಯುತ್ತೆ. ಈ ಕಥೆಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತೆ.

ಆನ್‌ಬಾಕ್ಸ್, ಆಮೇಲೆ ವೇಡ್ರಾಯ್ಡ್

2017ರ ಏಪ್ರಿಲ್‌ನಲ್ಲಿ ಜರ್ಮನಿಯ ಸೈಮನ್ ಫೆಲ್ಸ್ ಆನ್‌ಬಾಕ್ಸ್ ಪ್ರಕಟಿಸಿದರು. ಎಲ್‌ಎಕ್ಸ್‌ಸಿ ಕಂಟೇನರ್ ಒಳಗೆ ಆಂಡ್ರಾಯ್ಡ್, ಹೊರಗೆ ಸಾಮಾನ್ಯ ಲಿನಕ್ಸ್ ಡೆಸ್ಕ್‌ಟಾಪ್. 2008ರಲ್ಲಿ ಬೆಳಕು ಕಂಡ ಎರಡು ವಿಷಯ ಕೊನೆಗೂ ಒಂದೇ ಮನೆಯಲ್ಲಿ ಸೇರಿದವು. ಆದರೆ ಆನ್‌ಬಾಕ್ಸ್‌ನಲ್ಲಿ ಚಿತ್ರಗಳನ್ನು ಒಳಗಿಂದ ಹೊರಗೆ ಸಾಗಿಸುವ ಪದ್ಧತಿ ನಿಧಾನ. ಒಳಗಿನ ಆಂಡ್ರಾಯ್ಡ್ ಕೂಡ ಹಳೆಯದಾಗುತ್ತಾ ಬಂತು. ಕೊನೆಗೆ ಆ ಯೋಜನೆಯವರೇ ವೇಡ್ರಾಯ್ಡ್ ಬಳಸಿ ಅಂತ ಹೇಳಿ ಕೆಲಸ ನಿಲ್ಲಿಸಿದರು.

ವೇಡ್ರಾಯ್ಡ್ ಬಂದದ್ದು 2021ರಲ್ಲಿ, ಲಿನಕ್ಸ್ ಫೋನ್‌ಗಳ ಮೇಲೆ ಕೆಲಸ ಮಾಡುತ್ತಿದ್ದವರ ಕಡೆಯಿಂದ. ಮುಖ್ಯ ಹೆಸರು ಎರ್ಫಾನ್ ಅಬ್ದಿ. ಒಳಗಿರೋದು ಲೀನಿಯೇಜ್ ಓಎಸ್ ಆಧಾರದ ಆಂಡ್ರಾಯ್ಡ್. ಹೊರಗಿನ ವೇಲ್ಯಾಂಡ್ ಪ್ರದರ್ಶನ ವ್ಯವಸ್ಥೆಗೆ ನೇರವಾಗಿ ಚಿತ್ರ ಕೊಡುತ್ತೆ, ಹಾಗಾಗಿ ವೇಗ ಚೆನ್ನಾಗಿದೆ.

ಮಾಡಿ ನೋಡುವವರಿಗೆ ಕ್ರಮ ಹೀಗೆ. ಮೊದಲು, ನಿಮ್ಮ ಲಿನಕ್ಸ್ ಲಾಗಿನ್ ವೇಲ್ಯಾಂಡ್‌ನಲ್ಲಿ ಇರಬೇಕು. ಹಳೇ ಎಕ್ಸ್11ನಲ್ಲಿ ನೇರವಾಗಿ ಆಗಲ್ಲ. ಎರಡನೆಯದು, ಕರ್ನಲ್‌ನಲ್ಲಿ ಬೈಂಡರ್ ಇರಬೇಕು. ಮೂರನೆಯದು, ವೇಡ್ರಾಯ್ಡ್ ಸ್ಥಾಪಿಸಿ ಇನಿಟ್ ಹಂತ ಓಡಿಸಿದರೆ ಅದು ಆಂಡ್ರಾಯ್ಡ್‌ನ ಚಿತ್ರಿಕೆಗಳನ್ನು ಇಳಿಸಿಕೊಳ್ಳುತ್ತೆ. ಇಲ್ಲಿ ಗೂಗಲ್ ಸೇವೆ ಇರುವದ್ದು, ಇಲ್ಲದ್ದು ಅಂತ ಎರಡು ಬಗೆ ಇವೆ. ಗೂಗಲ್ ಸೇವೆ ಇರುವದ್ದನ್ನು ಆರಿಸಿದರೆ ಸಾಧನದ ಗುರುತಿನ ಸಂಖ್ಯೆಯನ್ನು ಗೂಗಲ್ ಪುಟದಲ್ಲಿ ನೋಂದಾಯಿಸಬೇಕು.

ಆಮೇಲೆ ಬರುವ ತೊಂದರೆಗಳು ಸಾಮಾನ್ಯವಾಗಿ ನಾಲ್ಕು. ಇಂಟರ್ನೆಟ್ ಬರ್ತಿಲ್ಲ ಅಂದ್ರೆ ಮೊದಲು ಫೈರ್‌ವಾಲ್ ನೋಡಿ, ಅದು ಕಂಟೇನರಿನ ಸೇತುವೆಯನ್ನು ತಡೆದಿರಬಹುದು. ಎನ್ವಿಡಿಯಾ ಗ್ರಾಫಿಕ್ಸ್ ಇದ್ದರೆ ಕಷ್ಟ ಜಾಸ್ತಿ. ಇಂಟೆಲ್, ಎಎಂಡಿ ಗ್ರಾಫಿಕ್ಸ್‌ನಲ್ಲಿ ಸಲೀಸು. ಮೂರನೆಯದು, ಆ್ಯಪ್ ಸ್ಥಾಪನೆಯೇ ಆಗ್ತಿಲ್ಲ ಅಂದ್ರೆ ಅದು ಆರ್ಮ್ ಚಿಪ್‌ಗೆ ಮಾತ್ರ ತಯಾರಾದದ್ದು ಇರಬಹುದು. ನಿಮ್ಮದು ಇಂಟೆಲ್ ಅಥವಾ ಎಎಂಡಿ ಆದರೆ ನಡುವೆ ಅನುವಾದ ಮಾಡುವ ಪದರ ಬೇಕು. ಇಂಟೆಲ್‌ನ ಲಿಬ್‌ಹೌಡಿನಿ, ಗೂಗಲ್‌ನ ಲಿಬ್‌ಎನ್‌ಡಿಕೆ ಅಂಥವು. ಕೊನೆಯದು ಕನ್ನಡ ಟೈಪಿಂಗ್. ಹೊರಗೆ ನೀವು ಬಳಸುವ ಐಬಸ್ ಕನ್ನಡ ಕೀಲಿಮಣೆ ಒಳಗೂ ನಡೆಯುತ್ತೆ ಅಂತ ನೆಚ್ಚಿಕೊಳ್ಳಬೇಡಿ. ಒಳಗೇ ಒಂದು ಕನ್ನಡ ಕೀಲಿಮಣೆ ಆ್ಯಪ್ ಹಾಕಿಕೊಳ್ಳಿ. ಅಕ್ಷರ ತೋರಿಸೋದರಲ್ಲಿ ಮಾತ್ರ ಚಿಂತೆ ಇಲ್ಲ, ಆ ಕಾಲ ದಾಟಿದೆ.

ಒಂದು ಎಚ್ಚರಿಕೆ. ಕರ್ನಲ್ ಒಂದೇ ಅನ್ನೋದು ಮರೀಬೇಡಿ. ಎಲ್ಲೆಲ್ಲಿಂದಲೋ ಸಿಕ್ಕ ಎಪಿಕೆ ಫೈಲುಗಳನ್ನು ಕಂಟೇನರ್ ಒಳಗೇ ತಾನೇ ಅಂತ ಧೈರ್ಯವಾಗಿ ಓಡಿಸೋದು ಬೇಡ. ಕಂಪನಿಯ ಲ್ಯಾಪ್‌ಟಾಪ್‌ನಲ್ಲಂತೂ ಬೇಡವೇ ಬೇಡ.

ತೆರೆಯದ ಬೀಗ

ಇಷ್ಟೆಲ್ಲ ಆದ ಮೇಲೆ ಓದುವ ಆ್ಯಪ್, ನಿಘಂಟು, ನಕ್ಷೆ, ಟಿಪ್ಪಣಿ ಇಂಥವು ದೊಡ್ಡ ಪರದೆಯಲ್ಲಿ ಆರಾಮಾಗಿ ಓಡುತ್ತವೆ. ಆಮೇಲೆ ನೀವು ಒಂದು ಬ್ಯಾಂಕ್ ಆ್ಯಪ್ ತೆರೆಯುತ್ತೀರಿ. ಈ ಸಾಧನ ಸುರಕ್ಷಿತವಲ್ಲ ಅಂತ ಹೇಳಿ ಮುಚ್ಚಿಕೊಳ್ಳುತ್ತೆ.

ಇಲ್ಲಿ ವೇಡ್ರಾಯ್ಡ್ ಕೆಟ್ಟಿಲ್ಲ. ಗೂಗಲ್‌ನ ಹಳೇ ಸೇಫ್ಟಿನೆಟ್‌ನ ನಂತರ ಬಂದ ಪ್ಲೇ ಇಂಟೆಗ್ರಿಟಿ ಅನ್ನುವ ಸೇವೆ ಆ್ಯಪ್ ಮಾಲೀಕರಿಗೆ ಒಂದು ಪ್ರಮಾಣಪತ್ರ ಕೊಡುತ್ತೆ: ಇದು ಮಾನ್ಯತೆ ಇರುವ ಫೋನ್, ಇದನ್ನು ಯಾರೂ ತಿದ್ದಿಲ್ಲ ಅಂತ. ಆ ಪ್ರಮಾಣಪತ್ರದ ಬೇರು ಫೋನಿನ ಚಿಪ್‌ನಲ್ಲಿ ಕಾರ್ಖಾನೆಯಲ್ಲೇ ಇಟ್ಟ ಕೀಲಿಯಲ್ಲಿದೆ. ಕಂಟೇನರಿಗೆ ಆ ಕೀಲಿ ಇಲ್ಲ, ಎಷ್ಟು ಚೆನ್ನಾಗಿ ಕಟ್ಟಿದರೂ ಬರಲ್ಲ.

ಯುಪಿಐ ವಿಷಯ ಇನ್ನೂ ನೇರ. 2016ರ ಏಪ್ರಿಲ್‌ನಲ್ಲಿ ಇದೇ ಮುಂಬೈಯಲ್ಲಿ, ಎನ್‌ಪಿಸಿಐ ಕಡೆಯಿಂದ ಅದು ಶುರುವಾದಾಗಲೇ ನಿಯಮ ಹೀಗಿತ್ತು: ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಫೋನಿನಲ್ಲಿ ಇರಬೇಕು, ಅಲ್ಲಿಂದ ಒಂದು ಎಸ್‌ಎಂಎಸ್ ಹೋಗಿ ಸಾಧನ ಮತ್ತು ಖಾತೆ ಜೋಡಣೆ ಆಗಬೇಕು. ಖೋಲಿಯಲ್ಲಿ ಸಿಮ್ ಇಲ್ಲ. ಕರ್ನಾಟಕದಲ್ಲಿ 2020ರಲ್ಲಿ ರೈತರೇ ಬೆಳೆ ಸಮೀಕ್ಷೆ ಮಾಡಿಕೊಳ್ಳಲಿ ಅಂತ ತಂದ ಆ್ಯಪ್‌ನಲ್ಲಿ ಹೊಲದಲ್ಲೇ ನಿಂತು ಫೋಟೋ ತೆಗೆಯಬೇಕು. ಅದನ್ನು ಮಲಾಡಿನಿಂದ ಮಾಡೋ ಹಾಗಿಲ್ಲ, ಮಾಡಬಾರದು ಕೂಡ. ಹೊಲದಲ್ಲಿ ನಿಂತವನೇ ಮಾಡಲಿ ಅನ್ನೋದೇ ಅದರ ಉದ್ದೇಶ.

ಈ ಬೀಗಗಳಲ್ಲಿ ಕೆಲವು ನಮ್ಮ ಒಳ್ಳೇದಕ್ಕೇ ಇವೆ. ಊರಲ್ಲಿರುವ ಅಮ್ಮನ ಪಿಂಚಣಿ ದುಡ್ಡನ್ನು ಯಾರೋ ನಕಲಿ ಫೋನ್ ಕಟ್ಟಿ ಎಗರಿಸಬಾರದು ಅಂತಲೇ ಸಿಮ್ ಜೋಡಣೆ ಇರೋದು. ಆ ಬೀಗ ಒಡೆಯುವ ಉಪಾಯ ಹೇಳಿ ಅಂತ ಕೇಳುವವರಿಗೆ ನಮ್ಮ ಉತ್ತರ: ಬೇಡ. ದುಡ್ಡಿನ ಕೆಲಸ ಫೋನಿನಲ್ಲೇ ಮಾಡಿ.

ಆದರೆ ಎಲ್ಲಾ ಬೀಗವೂ ಹಾಗಲ್ಲ. ಕರ್ನಾಟಕದ ಭೂಮಿ ಯೋಜನೆಯನ್ನು ನೋಡಿ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಇವತ್ತು ಪಹಣಿಯ ವಿವರ ನೋಡೋಕೆ ಒಂದು ಬ್ರೌಸರ್ ಇದ್ದರೆ ಸಾಕು. ಯಾವ ಫೋನ್, ಯಾವ ಚಿಪ್, ಯಾರ ಪ್ರಮಾಣಪತ್ರ ಅಂತ ಅದು ಕೇಳಲ್ಲ. ಮಲಾಡಿನಿಂದಲೂ ತೆರೆಯುತ್ತೆ, ಮಸ್ಕತ್‌ನಿಂದಲೂ ತೆರೆಯುತ್ತೆ. ಅದೇ ಮಾಹಿತಿ ಆ್ಯಪ್‌ನಲ್ಲಿ ಮಾತ್ರ ಸಿಗುವ ಹಾಗಾದರೆ, ಒಬ್ಬ ನಾಗರಿಕ ತನ್ನ ಊರಿನ ದಾಖಲೆ ನೋಡಬಹುದೋ ಇಲ್ಲವೋ ಅಂತ ನಿರ್ಧಾರ ಆಗೋದು ಅವನ ಹತ್ತಿರ ಯಾವ ಕಂಪನಿ ಒಪ್ಪಿದ ಫೋನ್ ಇದೆ ಅನ್ನೋದರ ಮೇಲೆ. ದುಡ್ಡಿಗೆ ಹಾಕುವ ಬೀಗವನ್ನು ನಕ್ಷೆಗೂ ವೇಳಾಪಟ್ಟಿಗೂ ಅರ್ಜಿಯ ಸ್ಥಿತಿಗೂ ಹಾಕೋದು ಯಾರ ರಕ್ಷಣೆಗೆ?

ಇದನ್ನು ಕೇಳಬೇಕಾದವರು ನಾವೇ. ಯಾಕಂದ್ರೆ ಇಂಥ ಆ್ಯಪ್‌ಗಳನ್ನು ಕಟ್ಟುವ ತಂಡಗಳಲ್ಲಿ ನಮ್ಮವರೇ ಕೂತಿದ್ದಾರೆ. ಪ್ಲೇ ಇಂಟೆಗ್ರಿಟಿ ಹಾಕೋಣ ಅನ್ನೋ ಸಾಲು ಟಿಕೆಟ್‌ನಲ್ಲಿ ಬಂದಾಗ ಇಲ್ಲಿ ನಿಜವಾಗಿ ಬೇಕಾ ಅಂತ ಒಂದು ಮಾತು ಕೇಳೋದು, ಆ್ಯಪ್ ಜೊತೆಗೆ ಸರಳವಾದ ವೆಬ್ ಪುಟವೂ ಇರಲಿ ಅಂತ ಹೇಳೋದು ನಮ್ಮ ಕೈಯಲ್ಲಿರುವ ಕೆಲಸ.

2025ರ ಮಾರ್ಚ್‌ನಲ್ಲಿ, ಮೈಕ್ರೋಸಾಫ್ಟ್ ತನ್ನ ಆಂಡ್ರಾಯ್ಡ್ ವ್ಯವಸ್ಥೆ ಮುಚ್ಚಿದ ಅದೇ ತಿಂಗಳು, ಗೂಗಲ್ ತನ್ನ ಪಿಕ್ಸೆಲ್ ಫೋನ್‌ಗಳಿಗೆ ಲಿನಕ್ಸ್ ಟರ್ಮಿನಲ್ ಅನ್ನುವ ಆ್ಯಪ್ ಕೊಟ್ಟಿತು. ಫೋನ್ ಒಳಗೇ ಒಂದು ಪೂರ್ತಿ ಡೆಬಿಯನ್, ವರ್ಚುವಲ್ ಮಷೀನ್‌ನಲ್ಲಿ. ಜಿಸಿಸಿ ಹಾಕಬಹುದು, ಪೈಥಾನ್ ಓಡಿಸಬಹುದು. ಪವಾಯಿಯಲ್ಲಿ 512 ಎಂಬಿ ರ‍್ಯಾಮ್‌ನ ಆಕಾಶ್‌ನಲ್ಲಿ ಮಾಡಿದ ಕೆಲಸವೇ ಇದು, ಗೋಡೆ ಮಾತ್ರ ಹೆಚ್ಚು ಗಟ್ಟಿ. ಆಗ ನಗೆಚಾಟಿಕೆ ಮಾಡಿದವರು ಯಾರೂ ಇದನ್ನು ನೆನಪಿಸಿಕೊಂಡ ಹಾಗೆ ಕಾಣಲಿಲ್ಲ. ನಾವಾದರೂ ನೆನಪಿಟ್ಟುಕೊಳ್ಳೋಣ.

ಹಳೇ ಲ್ಯಾಪ್‌ಟಾಪ್ ಒಂದು ಮನೆಯಲ್ಲಿ ಬಿದ್ದಿದ್ದರೆ ವಾರಾಂತ್ಯಕ್ಕೆ ಲಿನಕ್ಸ್ ಹಾಕಿ, ವೇಡ್ರಾಯ್ಡ್ ಹಾಕಿ ನೋಡಿ. ಊರಿನ ನಕ್ಷೆಯನ್ನು ದೊಡ್ಡ ಪರದೆಯಲ್ಲಿ ತೆರೆದು ಅಪ್ಪ ಅಮ್ಮನ ಜೊತೆ ಫೋನಲ್ಲಿ ಮಾತಾಡ್ತಾ ನೋಡಿ. ಯಾವ ಆ್ಯಪ್ ಓಡಿತು, ಯಾವುದು ಬಾಗಿಲು ಹಾಕಿಕೊಂಡಿತು ಅಂತ ಬರೆದಿಟ್ಟುಕೊಳ್ಳಿ. ಬಾಗಿಲು ಹಾಕಿಕೊಂಡ ಸರ್ಕಾರಿ ಆ್ಯಪ್ ಯಾವುದಾದರೂ ಇದ್ದರೆ, ಅದಕ್ಕೆ ವೆಬ್ ಪುಟ ಬೇಕು ಅಂತ ಆ ಇಲಾಖೆಗೆ ಕನ್ನಡದಲ್ಲೇ ಒಂದು ಪತ್ರ ಹಾಕಿ.